ಟವೆಲಿನ ಕೆಳಗಿನ ದರ

ಬಸವನ ಬಾಗೇವಾಡಿಯ ನಮ್ಮ ಎದುರುಮನೆಯಲ್ಲಿ ದನದ ದಲಾಲರೊಬ್ಬರಿದ್ದರು. ಬಾಯಿ ಬಿಡದೆ, ಟವೆಲಿನ ಕೆಳಗೆ ಗಿರಾಕಿಯ ಬೆರಳೊತ್ತಿಯೇ ದರ ಕುದುರಿಸುವವರು. "ಕಣ್ಣ ಸುಳ್ಳ ಹೇಳ್ತಾವ್ರಿ, ಕೈ ಹೇಳಂಗಿಲ್ಲ" ಎನ್ನುವರು. ನನ್ನ ಮಗಳು ತನ್ನ ವರ್ಚುವಲ್ ರಿಯಾಲಿಟಿ ಆಟಗಳ ಸಣ್ಣ ಕಂಪನಿಗೆ ಅವರಲ್ಲಿ ಬಂಡವಾಳ ಕೇಳಿದಾಗಲೂ ಅದನ್ನೇ ಅಂದರು.

"ಆ ಕಡೆಯವರ ಕೈ ಈ ಕಡೆ ಮುಟ್ಟಿಸೂ ಗವಸಿಗೇ ನಮ್ಮ ಪೇಟೆಂಟ್ ಐತ್ರಿ, ಕಾಕಾ" ಎಂದು ಅವಳು ಅವರಿಗೆ ಹೆಡ್‌ಸೆಟ್, ಗವಸು ತೊಡಿಸಿದಳು. ಅತ್ತ ಸಿಂದಗಿಯಲ್ಲಿ ಅವಳ ಗೆಳತಿ, ಇವರ ಅಂಗಳದ ಹೋರಿಯನ್ನು ಬಹಳ ದಿನದಿಂದ ಕೇಳುತ್ತಿದ್ದ ಗಿರಾಕಿಗೂ ಅಂಥವನ್ನೇ ತೊಡಿಸಿ ಕೂರಿಸಿದ್ದಳು.

ದಲಾಲರು ಅಭ್ಯಾಸಬಲದಿಂದ ಗವಸಿನ ಮೇಲೆ ಟವೆಲ್ ಹೊದಿಸಿದರು. ಮರುಕ್ಷಣವೇ ಬೆಚ್ಚಿದರು.

"ಯಪ್ಪಾ! ಬೆರಳ ಹಿಡದಾನ ನೋಡ್ರಿ!"

ಟವೆಲ್ ಕುಣಿಯತೊಡಗಿತು. ಕೊನೆಗೆ "ಮುಗೀತು!" ಎಂದು ಕೂಗಿ ಹೆಡ್‌ಸೆಟ್ ಕಿತ್ತರು.

"ಏನ್ ಮುಗೀತ್ರಿ?" ಎಂದೆ.

"ಹೋರಿ ಮಾರಿಬಿಟ್ಟೆ!"

"ಕಾಕಾ, ಇದು ಬರೇ ಆಟ ರೀ" ಎಂದಳು ಮಗಳು ಗಾಬರಿಯಿಂದ.

"ಬೆರಳ ಹಿಡದ ಮ್ಯಾಲ ಆಟ ಎಲ್ಲೈತಿ? ಮಾತ ಅಂದ್ರ ಮಾತ!"

ಅವರ ಮುಖ ಹೊಳೆಯುತ್ತಿತ್ತು. ಗವಸು ಕಳಚಿ, ಬರಿಗೈಯ ಮೇಲೆ ಟವೆಲ್ ಹಾಕಿ ಮಗಳ ಮುಂದೆ ಚಾಚಿದರು.

"ಈಗ ನಿನ್ನ ಕಂಪನಿ ದರ ಹೇಳವ್ವ."