ಎರಡು ಹೇರ್‌ಪಿನ್ನು, ಒಂದು ಕೋಟೆ

ಬಜಾರಿನ ಮೂಲೆಯ ಮೂರಂತಸ್ತಿನ ಕಟ್ಟಡದಲ್ಲಿ, ಮೆಟ್ಟಿಲ ಕೆಳಗಿನ ನಾಲ್ಕಡಿ ಜಾಗದಲ್ಲಿ ಇಪ್ಪತ್ತಾರು ವರ್ಷದಿಂದ ಕೂತವನು ಬೀಗದವನು. ಎದ್ದು ನಿಂತರೆ ತಲೆ ಮೆಟ್ಟಿಲಿಗೆ ಬಡಿಯುತ್ತದೆ. ಹಾಗಾಗಿ ಏಳುವುದೇ ಕಡಿಮೆ. ಬಾಯಿ ಒರಟು, ಗಿರಾಕಿಗಳಿಗೆ ಅದು ಗೊತ್ತು. ಆದರೆ ಕೆಲಸದಲ್ಲಿ ಎರಡು ನೇಮ ಇಟ್ಟುಕೊಂಡಿದ್ದ. ಬಾಗಿಲ ಹಿಂದೆ ಸಿಕ್ಕಿಬಿದ್ದವರ ಹತ್ತಿರ ಏನನ್ನೂ ಕುದುರಿಸುವುದಿಲ್ಲ. ಮೊದಲು ತೆರೆಯುವುದು, ಮಾತು ಆಮೇಲೆ. ತೆರೆದ ಬೀಗವನ್ನು ಮತ್ತೆ ಹಾಕಿ ನೋಡದೆ ಅಲ್ಲಿಂದ ಕದಲುವುದಿಲ್ಲ.

ಆ ಭಾನುವಾರ ಕೋಟೆ ನೋಡಲು ಹೊರಟಿದ್ದು ಹೆಂಡತಿಯ ಹಟಕ್ಕೆ. ಕಟ್ಟಡದ ಮಾಲೀಕ ಅವನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಈಗ ಅದೇ ಮಹಾನುಭಾವ, ಮೆಟ್ಟಿಲ ಕೆಳಗೆ ಕಾಫಿ ಯಂತ್ರ ಇಡಬೇಕು, ನೀನು ಜಾಗ ಬಿಡು ಎಂದು ಬೆನ್ನು ಬಿದ್ದಿದ್ದ. ಹೆಂಡತಿಯರಿಬ್ಬರೂ ಗೆಳತಿಯರು. ಎರಡು ಸಂಸಾರ ಒಂದು ದಿನ ಕೂಡಿ ತಿರುಗಾಡಿದರೆ ಮಾಲೀಕನ ಮನಸ್ಸು ಕರಗೀತು ಎಂದುಕೊಂಡ ಇವಳು, ಗಂಡನ ಸಲಕರಣೆ ಚೀಲವನ್ನು ಅಟ್ಟಕ್ಕೇರಿಸಿ, ಇವತ್ತೊಂದು ದಿನ ತುಟಿ ಬಿಚ್ಚಬೇಡಿ ಎಂದು ತಾಕೀತು ಮಾಡಿದ್ದಳು.

ಕಾರು ಮಾಲೀಕನದು, ಬೀಗದವನಿಗೆ ಹಿಂದಿನ ಸೀಟು, ತೊಡೆಯ ಮೇಲೆ ಬುತ್ತಿಯ ಬುಟ್ಟಿ. ಮಾಲೀಕ ದಾರಿಯುದ್ದಕ್ಕೂ ಚುಚ್ಚಿದ. ಕೋಟೆಯ ಕಂದಕ ಕಂಡಾಗ, ಕಾವಲುಗಾರನ ಗೂಡು ಕಂಡಾಗ, ಎಲ್ಲಕ್ಕೂ ಒಂದೇ ಮಾತು: ಇದು ನಿನ್ನ ಅಂಗಡಿಗಿಂತ ವಿಶಾಲ. ಅವನ ಮಕ್ಕಳು ಬಿದ್ದು ಬಿದ್ದು ನಕ್ಕವು. ಬೀಗದವನ ಹತ್ತು ವರ್ಷದ ಮಗಳು ಮಾತ್ರ ಅಪ್ಪನ ಮುಖ ನೋಡಿದಳು. ಅದೇ ಬೀಗದವನಿಗೆ ಹೆಚ್ಚು ಉರಿಯಿತು. ಹಲ್ಲು ಕಚ್ಚಿ ನಡೆದ.

ಬುರುಜಿನ ಕೆಳಗೆ ಹಳೆಯ ಸೆರೆಮನೆ. ಮಾಲೀಕನಿಗೆ ಕೈದಿಯಂತೆ ಫೋಟೋ ಬೇಕಾಯಿತು. ಕಾರಿನ ಕೀಲಿ, ಕಪ್ಪು ಕನ್ನಡಕ ಎರಡನ್ನೂ ಒಳಗೋಡೆಯ ಗೂಡಿನಲ್ಲಿಟ್ಟು, ಕಬ್ಬಿಣದ ಬಾಗಿಲನ್ನು ತಾನೇ ಎಳೆದುಕೊಂಡು, ಎರಡೂ ಕೈಯಲ್ಲಿ ಸರಳು ಹಿಡಿದು ಹಲ್ಲು ಕಿರಿದ. ಬಾಗಿಲ ಬೀಗ ಕಟಕ್ಕೆಂದು ಕೂತಿತು. ಮಾಲೀಕನ ಹೆಂಡತಿ ಕಾವಲುಗಾರನ ಹತ್ತಿರ ಓಡಿದಳು. ಕೀಲಿ ಸಾಹೇಬರ ಕಚೇರಿಯಲ್ಲಿದೆ, ಇವತ್ತು ರಜೆ, ನಾಳೆ ಬನ್ನಿ ಎಂದನಂತೆ.

ಒಳಗಿದ್ದವನ ಧ್ವನಿ ತಟ್ಟನೆ ಮೆತ್ತಗಾಯಿತು. "ಲೋ, ನಿನ್ನ ಅಂಗಡಿ ಎಲ್ಲೂ ಹೋಗಲ್ಲ. ಬೇಕಾದ್ರೆ ಬರೆದುಕೊಡ್ತೀನಿ. ಮೊದಲು ತೆಗಿ ಮಾರಾಯ."

"ಮಾತು ಆಮೇಲೆ," ಎಂದ ಬೀಗದವನು.

ಹೆಂಡತಿಯ ಮುಡಿಯಿಂದ ಎರಡು ಹೇರ್‌ಪಿನ್ನು ಕೇಳಿ ಪಡೆದ. ಒಂದನ್ನು ಕಲ್ಲಿಗೆ ಒತ್ತಿ ಬಗ್ಗಿಸಿದ, ಕಿವಿಯನ್ನು ಬೀಗಕ್ಕೆ ಕೊಟ್ಟ. ಐದು ನಿಮಿಷ ಪಿನ್ನು ತಿರುವಿದ. ಬಾಗಿಲು ಕಿರುಗುಟ್ಟಿ ತೆರೆಯಿತು.

ಮಾಲೀಕ ಹೊರಗೆ ಬಂದು ಪ್ಯಾಂಟಿನ ಧೂಳು ಕೊಡವಿದ. ಕೊಡವುತ್ತ ಕೊಡವುತ್ತ ಹಳೆಯ ಗತ್ತು ಮೈಗೆ ಬಂತು. "ಹೆಂಗಸರ ಪಿನ್ನಿಗೆ ತೆರೆಯೋ ಬೀಗ. ಇದೇ ನಿನ್ನ ಮಹಾ ವಿದ್ಯೆನಾ? ಇದಕ್ಕೊಂದು ಅಂಗಡಿ ಬೇರೆ ಕೇಡು. ತಿಂಗಳ ಕೊನೆಗೆ ಎದ್ದುಬಿಡು."

ಅಷ್ಟು ಹೊತ್ತಿಗೆ ಬೀಗದವನ ಕೈ ತನ್ನ ನೇಮದಂತೆ ಬಾಗಿಲನ್ನು ಎಳೆದು ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿತ್ತು. ಬೀಗ ಗಟ್ಟಿಯಾಗಿತ್ತು.

ಮಾಲೀಕ ಜೇಬು ತಡಕಿದ. ಇನ್ನೊಂದು ಜೇಬು ತಡಕಿದ. ಆಮೇಲೆ ಸರಳಿನಾಚೆ ನೋಡಿದ. ಕೈಗೆಟುಕದ ಗೂಡಿನಲ್ಲಿ, ಕಪ್ಪು ಕನ್ನಡಕದ ಪಕ್ಕದಲ್ಲಿ ಕಾರಿನ ಕೀಲಿ ಬೆಚ್ಚಗೆ ಕೂತಿತ್ತು. ಎಲ್ಲರ ಕಣ್ಣೂ ಬೀಗದವನ ಕೈಯಲ್ಲಿದ್ದ ಪಿನ್ನುಗಳ ಮೇಲೆ ಬಿತ್ತು. ಬೆಳಿಗ್ಗೆಯಿಂದ ಅವನ ತೋಳು ಚಿವುಟಿ ಚಿವುಟಿ ಸುಮ್ಮನಿರಿಸಿದ್ದ ಹೆಂಡತಿಯ ಕಣ್ಣೂ.

ತೆರೆಯಲು ಐದು ನಿಮಿಷ ಸಾಕು. ಬಾಗಿಲ ಹಿಂದೆ ಈಗ ಯಾವ ಮನುಷ್ಯನೂ ಇರಲಿಲ್ಲ.

"ಅಂಗಡಿ ಎದ್ದೋಯ್ತಲ್ಲ," ಎಂದು ಬೀಗದವನು ಪಿನ್ನುಗಳನ್ನು ಹೆಂಡತಿಯ ಅಂಗೈಗೆ ಹಾಕಿದ.

ಅವಳು ಗೆಳತಿಯನ್ನು ನೋಡಿದಳು, ಗೆಳತಿಯ ಗಂಡನನ್ನು ನೋಡಿದಳು. ಬಗ್ಗಿದ ಪಿನ್ನನ್ನು ಹಲ್ಲಿನಲ್ಲಿ ನೆಟ್ಟಗೆ ಮಾಡಿ ಮುಡಿಗೆ ಸಿಕ್ಕಿಸಿಕೊಂಡು, ಬುಟ್ಟಿ ಎತ್ತಿಕೊಂಡಳು. "ನಡೀರಿ, ನಾಲ್ಕೂವರೆಗೊಂದು ಬಸ್ಸಿದೆ," ಎಂದಳು.