ಹುಳದ ಕೆಲಸ ಹಿಡಿದ ಪಾತಣ್ಣ

ಸಿದ್ದಾಪುರದ ಪಾತಣ್ಣನಿಗೆ ಬಂಡೆ ಕಂಡರೆ ಕಾಲು ನಿಲ್ಲುತ್ತಿರಲಿಲ್ಲ. ರಾಂಪುರದ ಹಾದಿಯಲ್ಲಿ ಎತ್ತಿನ ಬಂಡಿ ಬಿಟ್ಟರೆ ಬೇರೇನೂ ಓಡದಿದ್ದ, ಇಪ್ಪತ್ತನೆಯ ಶತಮಾನದ ಮೊದಮೊದಲ ವರ್ಷಗಳವು. ಕುರಿ ಕಾಯುವುದು ಅವನ ಮನೆತನದ ಕಸುಬು. ಹೆಜ್ಜೇನು ಕೀಳುವುದು ಅವನದೇ ಹುಚ್ಚು. ಸೋದರಮಾವ ಚಿಕ್ಕೀರಪ್ಪನ ಮಗಳು ಕೆಂಚಕ್ಕನ ಜೊತೆ ಮದುವೆ ಗೊತ್ತಾದದ್ದೇ ತಡ, ಹುಚ್ಚು ನೆತ್ತಿಗೇರಿತು. ಮದುವೆಯೂಟಕ್ಕೆ ಜೇನುತುಪ್ಪದ ಹೊಳೆಯನ್ನೇ ಹರಿಸುತ್ತೇನೆಂದು ಪಂಜು ಹಿಡಿದು ಹೊರಟವನು ಸುತ್ತಲ ಬಂಡೆಗಳಲ್ಲಿ ಒಂದು ಜೇನುಹುಟ್ಟನ್ನೂ ಉಳಿಸಲಿಲ್ಲ. ಹುಳಗಳು ಸುಟ್ಟು ಉದುರಿದವು, ಗಡಿಗೆಗಳು ತುಂಬಿದವು. ಅರ್ಧ ಮೀಸೆಯೂ ಸುಟ್ಟಿತ್ತು, ಅದನ್ನು ಅವನು ಲೆಕ್ಕಕ್ಕಿಡಲಿಲ್ಲ.

ಮದುವೆಯ ಖರ್ಚೆಲ್ಲ ಮಾವನ ಬಾವಿ ಹೊಲದ ಕುಂಬಳದ ಮೇಲೆ ನಿಂತಿತ್ತು. ಬಳ್ಳಿಗಳು ಬದು ದಾಟಿ ಹಬ್ಬಿದ್ದವು, ಹೊಲದ ತುಂಬ ಹಳದಿ ಹೂ. ಆದರೆ ಬುಡದಲ್ಲಿ ಗೋಲಿಯಷ್ಟು ಕಾಯಿ ಹೊತ್ತು ಅರಳಿದ ಹೂ ಬಾಡುತ್ತಿದ್ದಂತೆ ಆ ಕಾಯಿಯೂ ಹಳದಿಯಾಗಿ ಉದುರಿಬಿಡುತ್ತಿತ್ತು. ಚಿಕ್ಕೀರಪ್ಪ ತಲೆಯ ಮೇಲೆ ಕೈ ಹೊತ್ತು ಕುಳಿತ.

“ಯಾರ ಕಣ್ಣು ಬಿತ್ತೋ! ಹಿಂಗೇ ಆದ್ರೆ ಮದುವೆ ಮುಂದಿನ ವರ್ಷಕ್ಕೇ ಕಣಪ್ಪಾ.”

ಪಾತಣ್ಣ ಬಳ್ಳಿಗಳ ನಡುವೆ ಹೋಗಿ ನಿಂತ. ಹುಟ್ಟು ಹುಡುಕುವವನು ಹುಳದ ಬೆನ್ನು ಹತ್ತಲೇಬೇಕು. ಬುಡದಲ್ಲಿ ಕಾಯಿಲ್ಲದ ಗಂಡು ಹೂವಿನಲ್ಲಿ ಹೊರಳಾಡಿ, ಮೈಗೆಲ್ಲ ಹುಡಿ ಮೆತ್ತಿಕೊಂಡು, ಕಾಯಿ ಹೊತ್ತ ಹೂವಿಗೆ ಅದು ನುಗ್ಗುವುದನ್ನು ಎಷ್ಟೋ ಸಲ ಕಂಡಿದ್ದ. ಈಗ ಹೊಲದಲ್ಲಿ ಗುಂಯ್ ಎನ್ನುವ ಸದ್ದೇ ಇಲ್ಲ. ಹುಡಿ ಹೊರುವವರನ್ನೆಲ್ಲ ಅವನೇ ಸುಟ್ಟು ಬಂದಿದ್ದ.

ಮರುದಿನ ಹೂ ಅರಳುವ ಹೊತ್ತಿಗೆ ಹೊಲದಲ್ಲಿದ್ದ. ಗಂಡು ಹೂ ಕಿತ್ತು, ಎಸಳು ಸುಲಿದು, ಒಳಗಿನ ಹುಡಿಯನ್ನು ಕಾಯಿ ಹೂವಿನ ನಡುವಿಗೆ ಮೆತ್ತಗೆ ಒರೆಸುತ್ತ ಮಂಡಿಯೂರಿ ತೆವಳಿದ. ನೀರು ಕಟ್ಟಲು ಬಂದ ಕೆಂಚಕ್ಕ ಕಣ್ಣರಳಿಸಿದಳು.

“ಏನ್ ಭಾವ, ಹೂವಿಗೆ ಮುದ್ದು ಮಾಡ್ತೀಯಾ?”

“ಮದುವೆ ಮಾಡ್ತಿದೀನಿ. ಇವುಗಳದ್ದು ಆದ್ರೇನೇ ನಮ್ಮದು.”

ಕೆಂಚಕ್ಕ ನಕ್ಕು ನಕ್ಕು ಬದುವಿನ ಮೇಲೆ ಕೂತಳು. ಆಮೇಲೆ ಸೆರಗು ಸಿಕ್ಕಿಸಿ ಪಕ್ಕದ ಸಾಲಿಗೆ ಇಳಿದಳು.

ನೋಡನೋಡುತ್ತ ಕಾಯಿಗಳು ಬಿಂದಿಗೆ ಗಾತ್ರ ಆದವು. ಚಿಕ್ಕೀರಪ್ಪ ಅಳಿಯನ ಕೈಗುಣವನ್ನು ಊರೆಲ್ಲ ಹೊಗಳಿಕೊಂಡು ತಿರುಗಿದ. ಪಾಪ, ಹೊಗಳಿಕೆ ಕಿವಿಗೆ ಬಿದ್ದಾಗಲೆಲ್ಲ ಪಾತಣ್ಣ ಕುರಿ ಹೊಡೆದುಕೊಂಡು ಬೇರೆ ಹಾದಿ ಹಿಡಿಯುತ್ತಿದ್ದ. ಒಂದು ದಿನ ತಡೆಯಲಾರದೆ ಹೇಳಿಯೇಬಿಟ್ಟ.

“ಮಾವ, ಹುಳ ಸುಟ್ಟೋನೂ ನಾನೇ. ಹೊಲ ಹಂಗಾಗಿದ್ದು ನನ್ನಿಂದಾನೇ.”

ಹೆಣ್ಣು ಕೈತಪ್ಪಿತೆಂದೇ ಅಂದುಕೊಂಡ. ಮಾವ ಬಾಯಲ್ಲಿದ್ದ ಎಲೆಅಡಿಕೆ ಉಗಿದ.

“ಹುಳ ತಿರುಗಿ ಬರೋಗಂಟ ಅವುಗಳ ಕೆಲಸ ನಿಂದು. ಪಂಜು ಮುಟ್ಟಿದ್ಯೋ, ಮಗಳು ನಮ್ಮನೇಲೇ ಇರ್ತಾಳೆ.”

ಮದುವೆಯಾಯಿತು. ಜೇನುತುಪ್ಪವನ್ನು ಎಲ್ಲರೂ ಚಪ್ಪರಿಸಿದರು, ಮದುಮಗ ಮಾತ್ರ ಮುಟ್ಟಲಿಲ್ಲ. ಮುಂದಿನ ಬೆಳೆಗೂ ಹುಳ ಬರಲಿಲ್ಲ. ಗಂಡಹೆಂಡಿರು ಬೆಳಬೆಳಿಗ್ಗೆ ಎದ್ದು ಹೊಲದಲ್ಲಿ ತೆವಳುವುದನ್ನು ಕಂಡು ಊರು “ದುಂಬಿ ಪಾತಣ್ಣ” ಎಂದು ಆಡಿಕೊಂಡಿತು. ಬಸುರಿಯಾದ ಕೆಂಚಕ್ಕ ಬದುವಿನಲ್ಲಿ ಕೂತು “ಅಲ್ಲೊಂದು ಐತೆ, ಬಿಟ್ಟೆ ನೋಡು” ಎಂದು ಬೆರಳು ತೋರಿಸುವಳು.

ಅದರಾಚೆಯ ವರ್ಷ ಅವನು ಕೈ ಚಾಚಿದ ಹೂವಿನಿಂದ ಹೆಜ್ಜೇನೊಂದು ಹೊರಬಂತು, ಬೆನ್ನೆಲ್ಲ ಹಳದಿ. ಇನ್ನೊಂದು ಪಕ್ಕದ ಹೂವಿಗೆ ನುಗ್ಗಿತು. ಪಾತಣ್ಣ ಅಲ್ಲೇ ಕುಸಿದು ಬಿಕ್ಕಿ ಬಿಕ್ಕಿ ಅತ್ತ.

“ಕೆಂಚೀ, ಬಂದ್ರು ಕಣೇ!”

ಕಂಕುಳಲ್ಲಿದ್ದ ಮಗುವನ್ನು ಸರಿಪಡಿಸಿಕೊಂಡು ಕೆಂಚಕ್ಕ ಅವನ ರಟ್ಟೆ ಹಿಡಿದಳು.

“ಹಂಗಾದ್ರೆ ಏಳು, ಅವರಿಗೆ ದಾರಿ ಬಿಡು.”