ಕಾರ್ಡಿಗೆ ಅರಿಶಿನ ಹಚ್ಚಿದ ದೊಡ್ಡವ್ವ

ದೊಡ್ಡವ್ವನ ಬಲಗೆನ್ನೆ ಸದಾ ನೆಲ್ಲಿಕಾಯಿ ಇಟ್ಟುಕೊಂಡಂತೆ ಉಬ್ಬಿರುತ್ತಿತ್ತು. ಒಳಗಿದ್ದದ್ದು ಎಲೆಯಡಿಕೆ. ಮಾತಾಡುವಾಗಲೂ ಅದು ಕದಲುತ್ತಿರಲಿಲ್ಲ, ಬೈಯುವಾಗಲೂ ಕದಲುತ್ತಿರಲಿಲ್ಲ. ಹಾಡುವ ಮುಂಚೆ ಮಾತ್ರ ಹಿತ್ತಲಿಗೆ ಹೋಗಿ ಉಗಿದು, ಬಾಯಿ ಮುಕ್ಕಳಿಸಿ, ಸೆರಗಿನಿಂದ ತುಟಿ ಒರೆಸಿಕೊಂಡು ಬರುತ್ತಿದ್ದಳು. ಕೊಳ್ಳೇಗಾಲದ ನಮ್ಮ ಬೀದಿಯ ಮದುವೆಮನೆಗಳಲ್ಲಿ ಆ ಕೆನ್ನೆ ಇಳಿಯಿತೆಂದರೆ ಹೆಂಗಸರೆಲ್ಲ ಹರಟೆ ನಿಲ್ಲಿಸಿ ಚಾಪೆಯ ಮೇಲೆ ಒತ್ತಾಗಿ ಕೂರುತ್ತಿದ್ದರು. ಇನ್ನು ಸೋಬಾನೆ ಪದ ಶುರು ಎಂದು ಅದರಿಂದಲೇ ತಿಳಿಯುತ್ತಿತ್ತು.

ಅವಳು ನನಗೆ ನೆಂಟಳಲ್ಲ, ಎದುರುಮನೆಯವಳು. ನಾನು ಮದುವೆಯಾಗಿ ಹನೂರಿನಿಂದ ಈ ಬೀದಿಗೆ ಬಂದ ಹೊಸದರಲ್ಲಿ ಮರ್ಯಾದೆಗೆಂದು ಆಂಟಿ ಎಂದು ಕರೆದಿದ್ದೆ. "ಆಂಟಿ ಗೀಂಟಿ ಅಂದ್ರೆ ತಿರುಗ್ ನೋಡಾಕಿಲ್ಲ ಕಣಮ್ಮಿ, ದೊಡ್ಡವ್ವ ಅನ್ನು" ಎಂದಳು. ಅಂದಿನಿಂದ ದೊಡ್ಡವ್ವ. ಯಳಂದೂರಿನ ಶಾಲೆಯಲ್ಲಿ ನಾನು ಪಾಠ ಹೇಳುತ್ತಿದ್ದುದರಿಂದ ಅವಳ ಬಾಯಲ್ಲಿ ನಾನು ಟೀಚರಮ್ಮ. ಸಿಟ್ಟಿಗೂ ಸಲಿಗೆಗೂ ಬರೀ ಅಮ್ಮಿ.

ಸೋಬಾನೆ ಒಬ್ಬರೇ ಹಾಡುವ ಹಾಡಲ್ಲ. ಒಬ್ಬಳು ಒಂದು ಸಾಲು ಹಾಕಿಕೊಡಬೇಕು, ಉಳಿದವರು ಅದನ್ನೇ ಎತ್ತಿಕೊಳ್ಳಬೇಕು. ಎತ್ತಿಕೊಳ್ಳುವುದಕ್ಕೆ ಪದ ಗೊತ್ತಿರಬೇಕೆಂದೇನಿಲ್ಲ, ಕಿವಿಯಿದ್ದರೆ ಸಾಕು. ಹಾಕಿಕೊಡುವವಳಿಗೆ ಮಾತ್ರ ಎಲ್ಲವೂ ಬಾಯಲ್ಲಿರಬೇಕು. ಅರಿಶಿನ ಕುಟ್ಟುವಾಗಿನದು, ನೀರು ಹಾಕುವಾಗಿನದು, ಹೆಣ್ಣನ್ನು ಹಸೆಮಣೆಗೆ ಕರೆಯುವುದು, ಬೀಗರ ಮೂಗು ಮೀಸೆಯನ್ನೆಲ್ಲ ಗೇಲಿ ಮಾಡುವುದು, ಎಲ್ಲ ಅವಳ ಹತ್ತಿರವಿತ್ತು. ಲೊಕ್ಕನಹಳ್ಳಿಯವರೂ ಕಾರು ಕಳಿಸಿ ಕರೆಸಿಕೊಳ್ಳುತ್ತಿದ್ದರು.

ಅದರ ಗತ್ತೂ ಇತ್ತು. ಒಮ್ಮೆ ಹನೂರಿನಲ್ಲಿ ನಮ್ಮ ಕಡೆಯದೇ ಒಂದು ಮದುವೆ. ಗಂಡಿನ ಕಡೆಯಿಂದ ಬಂದಿದ್ದ ಹೆಂಗಸೊಬ್ಬಳು ಇವಳಿಗಿಂತ ಮುಂಚೆ ಪದ ಶುರುಮಾಡಿಬಿಟ್ಟಳು. ಒಳ್ಳೆಯ ಕಂಠವೇ. ಉಳಿದವರೆಲ್ಲ ಎತ್ತಿಕೊಂಡೆವು. ದೊಡ್ಡವ್ವ ಮಾತ್ರ ಕೆನ್ನೆಗೆ ಇನ್ನೊಂದು ಎಲೆ ತುರುಕಿಕೊಂಡು ಗೋಡೆ ನೋಡುತ್ತ ಕೂತಳು. ಊಟಕ್ಕೆ ಏಳುವವರೆಗೂ ಅವಳ ಬಾಯಿಂದ ಒಂದು ಸ್ವರ ಹೊರಡಲಿಲ್ಲ. ಬಸ್ಸಿನಲ್ಲಿ ಬರುವಾಗ, "ಒಂದು ಸಾಲಾದ್ರೂ ಎತ್ಕೋಬೋದಿತ್ತಲ್ಲ ದೊಡ್ಡವ್ವ" ಅಂದೆ.

"ನಾನು ಹಾಕ್ಕೊಡೋಳು ಕಣಮ್ಮಿ, ಎತ್ಕೊಳ್ಳೋಳಲ್ಲ" ಅಂದಳು.

ಆ ಕಾಲಕ್ಕೆ ನನ್ನ ಹತ್ತಿರ ಒಂದು ಡಿಜಿಟಲ್ ರೆಕಾರ್ಡರ್ ಬಂದಿತ್ತು. ಅಂಗೈಯಷ್ಟು ಉದ್ದ, ತಲೆಯ ಮೇಲೆ ಎರಡು ಮೈಕು, ಮೈಕಿಗೆ ಗಾಳಿ ಸದ್ದು ಬೀಳದಂತೆ ಸ್ಪಂಜಿನ ಕರೀ ಟೋಪಿ. ಶಾಲೆಯ ಮಕ್ಕಳ ಹಾಡು ಹಿಡಿಯಲೆಂದು ಕೊಂಡದ್ದು. ಮೊಬೈಲಿನಲ್ಲೇ ಆಗುತ್ತಿರಲಿಲ್ಲವೇ ಎಂದು ನಮ್ಮ ಯಜಮಾನರು ಇವತ್ತಿಗೂ ಕೇಳುತ್ತಾರೆ. ಅವರಿಗೆ ಕಾಫಿಯೂ ಕಷಾಯವೂ ಒಂದೇ, ಉತ್ತರ ಕೊಡುವುದನ್ನು ಬಿಟ್ಟಿದ್ದೇನೆ. ದೊಡ್ಡವ್ವನಿಗಂತೂ ಅದನ್ನು ಕಂಡರಾಗುತ್ತಿರಲಿಲ್ಲ. "ಅದರ ಮೊಕಕ್ಕೆ ಯಾಕೆ ಕರೀ ಬಟ್ಟೆ ಮುಚ್ಚಿದ್ದೀಯೆ? ಶನಿ ಇದ್ದಂಗದೆ" ಎನ್ನುತ್ತಿದ್ದಳು.

ಹಾಗಿದ್ದವಳು ಒಂದು ಸಂಜೆ ತಾನಾಗಿ ಬಂದು ನಮ್ಮ ಜಗಲಿಯ ಮೇಲೆ ಕೂತಳು. ಕೆನ್ನೆ ಬರಿದಾಗಿತ್ತು. ಅವಳ ಕತ್ತಿನಲ್ಲಾಗಿದ್ದ ಗಂಟು ದಪ್ಪವಾಗುತ್ತಿದೆ, ಮೈಸೂರಿನಲ್ಲಿ ಆಪರೇಷನ್ ಮಾಡಿಸಬೇಕು ಎಂದು ಡಾಕ್ಟರು ಹೇಳಿದ್ದರು. ಜೀವಕ್ಕೆ ಭಯವಿಲ್ಲ, ಆದರೆ ದನಿ ಮೊದಲಿನಂತೆ ಉಳಿಯುತ್ತದೆಂದು ಹೇಳಲಾಗದು ಎಂದೂ ಅಂದಿದ್ದರು. ಆಮೇಲೆ ಒಂದೆರಡು ತಿಂಗಳಲ್ಲೇ ಮೊಮ್ಮಗಳ ಮದುವೆ.

"ಊರೋರ ಮಕ್ಕಳ್ನೆಲ್ಲ ಹಸೆಗೆ ಕರ್ದಿವ್ನಿ. ನಮ್ಮನೆ ಹೆಣ್ಣು ಮೂಗಿ ಹಂಗೆ ಓಗಿ ಕೂತ್ಕೋಬೇಕಾ?" ಅಂದಳು. ಆಮೇಲೆ ಮೆಲ್ಲಗೆ, "ನಿನ್ನ ಡಬ್ಬಿಗೆ ತುಂಬ್ಕೊಡಮ್ಮಿ" ಅಂದಳು. ಅವಳು ಯಾರನ್ನೂ ಏನನ್ನೂ ಕೇಳಿದವಳಲ್ಲ.

ಮಾರನೆಯ ದಿನವೇ ಹಿಡಿದೆ. ಬ್ಯಾಟರಿ ಉಳಿಯಲೆಂದು ಅದರಲ್ಲಿದ್ದ ಆಟೋ ಎಂಬುದನ್ನು ಹಾಕಿದ್ದೆ. ಸದ್ದು ಬಂದರೆ ತಾನೇ ಶುರುವಾಗುತ್ತದೆ, ಸದ್ದು ನಿಂತರೆ ತಾನೂ ನಿಲ್ಲುತ್ತದೆ. ದೊಡ್ಡವ್ವ ಒಂದು ಸಾಲು ಹಾಡಿದಳು, ಸುಮ್ಮನಾದಳು. ತುಟಿ ಮಾತ್ರ ಅಲ್ಲಾಡುತ್ತಿತ್ತು. ಎತ್ತಿಕೊಳ್ಳುವವರು ಇಲ್ಲದಿದ್ದರೂ ಅವರಿಗೆ ಬೇಕಾದಷ್ಟು ಹೊತ್ತು ಬಿಟ್ಟು, ಆಮೇಲೆ ಮುಂದಿನ ಸಾಲು. "ನೀನಾದ್ರೂ ಎತ್ಕೊ" ಎಂದು ನನಗೆ ಕಣ್ಣು ಮಾಡಿದಳು. ನನ್ನದು ತಗಡಿನ ಡಬ್ಬಿ ಎಳೆದಂಥ ಕಂಠ, ಅದು ಅವಳ ಪದದ ಜೊತೆ ಶಾಶ್ವತವಾಗಿ ಸೇರಿಕೊಳ್ಳುವುದು ಬೇಡವೆಂದು ತಲೆಯಾಡಿಸಿದೆ.

ಹಾಡಿದ್ದನ್ನು ಕೇಳಿಸಿದಾಗ ಅವಳ ಮುಖ ಕೆಂಪಾಯಿತು. ನಡುವಿನ ಮೌನವನ್ನೆಲ್ಲ ಯಂತ್ರ ನುಂಗಿಬಿಟ್ಟಿತ್ತು. ಸಾಲಿನ ಬಾಲಕ್ಕೆ ಸಾಲು ಅಂಟಿಕೊಂಡು, ಪ್ರತಿ ಸಾಲಿನ ಮೊದಲಕ್ಷರವೂ ಅರ್ಧ ಹೋಗಿತ್ತು.

"ಇದೇನಮ್ಮಿ, ಹಿಂದ್ಲಿಂದ ನಾಯಿ ಅಟ್ಟುಸ್ಕೊಂಡು ಬಂದಂಗೆ ಓಡ್ತಾವ್ನಿ? ಎತ್ಕೊಳ್ಳೋರ್ಗೆ ಜಾಗ ಎಲ್ಲದೆ?"

"ಸುಮ್ನಿದ್ದಾಗ ಹಿಡೀಬೇಡ ಅಂತ ಅದಕ್ಕೆ ಹೇಳಿದ್ದೆ ದೊಡ್ಡವ್ವ."

"ಸುಮ್ನಿರೋದೂ ಪದವೇ ಕಣಮ್ಮಿ. ಅದ್ನೂ ತುಂಬ್ಕೋ."

ಆಟೋ ತೆಗೆದೆ. ದೊಡ್ಡವ್ವ, ಮೊಮ್ಮಗಳು ಮೈಸೂರಿಗೆ ಹೊರಡುವ ಭಾನುವಾರ ಬೆಳಿಗ್ಗೆ ಅವರ ಮನೆಯಲ್ಲಿ ಮತ್ತೆ ಕೂತೆವು. ಈ ಸಲ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಹೊಸ ಬ್ಯಾಟರಿ ಹಾಕಿ, ಅವಳ ಗಾಜಿನ ಬಳೆಗಳನ್ನು ಮೊಣಕೈವರೆಗೆ ಸರಿಸಿ ಕರವಸ್ತ್ರ ಕಟ್ಟಿದೆ. ದೊಡ್ಡವ್ವ ಹಾಡಿದಳು. ಹಸೆಗೆ ಕರೆಯುವ ಪದದಲ್ಲಿ ದನಿ ಒಂದು ಕಡೆ ಒಡೆಯಿತು, ಸಾವರಿಸಿಕೊಂಡು ಮೇಲಕ್ಕೆ ಹೋದಳು. ಮುಗಿದ ಮೇಲೆ ಮೆಮೊರಿ ಕಾರ್ಡನ್ನು ಹೊರಗೆ ತೆಗೆದು ತೋರಿಸಿದೆ. ಹೆಬ್ಬೆರಳ ಉಗುರಿನಷ್ಟು ಚೂರು.

"ನೋಡು, ನಿನ್ನ ಪದ ಎಲ್ಲಾ ಇದ್ರೊಳಗೇ ಇರೋದು."

"ಇಷ್ಟ್ರಲ್ಲಾ?" ಎಂದು ಅಂಗೈ ಮೇಲಿಟ್ಟುಕೊಂಡು ನೋಡಿದಳು. ಅಷ್ಟರಲ್ಲಿ ಬಾಗಿಲಿಗೆ ಕಾರು ಬಂತೆಂದು ನಾನು ಹೊರಗೆ ಹೋದೆ. ವಾಪಸು ಬಂದಾಗ ಕಾರ್ಡು ಮಣೆಯ ಮೇಲಿತ್ತು. ಅವಸರದಲ್ಲಿ ರೆಕಾರ್ಡರಿಗೆ ತಳ್ಳಿ, ಚೀಲ ಹೊತ್ತು ಅವಳನ್ನು ಕಾರು ಹತ್ತಿಸಿದೆ.

ಮನೆಗೆ ಬಂದು ಒತ್ತಿದರೆ ಕಾರ್ಡೇ ಇಲ್ಲ ಎಂದಿತು ಯಂತ್ರ. ತೆಗೆದು ನೋಡಿದೆ. ಕಾರ್ಡಿನ ಹಿಂಭಾಗದಲ್ಲಿ ಚಿನ್ನದ ಬಣ್ಣದ ಪಟ್ಟಿಗಳಿರುತ್ತವಲ್ಲ, ಅವುಗಳ ಮೇಲೆ ನೀರಲ್ಲಿ ಕಲೆಸಿದ ಅರಿಶಿನ, ಅದರ ನಡುವೆ ಕುಂಕುಮ. ಸೋಬಾನೆ ಮುಗಿದ ಮೇಲೆ ಹಸೆಗೆ ಅರಿಶಿನ ಕುಂಕುಮ ಇಡದೆ ಏಳುವ ರೂಢಿಯಿಲ್ಲ. ಪದ ಇರುವುದು ಇದರಲ್ಲೇ ಎಂದು ನಾನೇ ಹೇಳಿದ್ದೆ. ಹೊಳೆಯುವ ಕಡೆಯೇ ಮುಖವಿರಬೇಕೆಂದು ಅವಳು ಅಲ್ಲಿಗೇ ಹಚ್ಚಿದ್ದಳು.

ಸೀರೆಯಲ್ಲಿ ಒರೆಸಿ ಕಂಪ್ಯೂಟರಿಗೆ ಹಾಕಿದೆ. ಫಾರ್ಮ್ಯಾಟ್ ಮಾಡಲೇ ಎಂದು ಕೇಳಿತು. "ಮಾಡು ಅಂದ್ಬುಡು, ಸರಿಹೋಯ್ತದೆ" ಎಂದರು ಯಜಮಾನರು. ಮಾಡು ಎಂದರೆ ಮನೆ ಪೂರ್ತಿ ಗುಡಿಸಿದಂತೆ, ದೊಡ್ಡವ್ವನ ಪದವೂ ಕಸದ ಜೊತೆ ಹೋಗುತ್ತದೆ. ಬೇಡ ಎಂದು ಒತ್ತಿ, ಅವರನ್ನೂ ಆಚೆಗೆ ಕಳಿಸಿದೆ. ಒಣಬಟ್ಟೆಯಲ್ಲಿ ಒರೆಸಿದೆ. ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿದೆ. ಪಟ್ಟಿಗಳು ಹೊಳೆದವು, ಆದರೂ ಕಾರ್ಡು ಇಲ್ಲವೆಂದೇ ರೆಕಾರ್ಡರಿನ ಹಟ, ಫಾರ್ಮ್ಯಾಟ್ ಎಂದೇ ಕಂಪ್ಯೂಟರಿನದು. ಆ ದಿನ ನನಗೆ ಅನ್ನ ಸೇರಲಿಲ್ಲ.

ಮಾರನೆಯ ಬೆಳಿಗ್ಗೆ ಮೆಡಿಕಲ್ ಸ್ಟೋರಿನಿಂದ ಸ್ಪಿರಿಟ್ ತಂದು ಹತ್ತಿಕಡ್ಡಿಗೆ ಅದ್ದಿಕೊಂಡು ಕೂತಿದ್ದಾಗ ಆಸ್ಪತ್ರೆಯಿಂದ ಮೊಮ್ಮಗಳ ಫೋನು ಬಂತು.

"ಅಕ್ಕ, ಇನ್ನೇನು ಒಳಕ್ಕೆ ಕರ್ಕೊಂಡೋಯ್ತಾರೆ. ಪದ ಬಂದವಾ ಕೇಳು ಅಂತಾವ್ಳೆ ಅಜ್ಜಿ. ಗೊತ್ತಾಗ್ದೆ ಮಂಚ ಹತ್ತಾಕಿಲ್ವಂತೆ."

ಬಂದಿವೆ ಎಂದುಬಿಡಬಹುದಿತ್ತು. ಆದರೆ ಅವಳು ಕೇಳಿಸು ಎನ್ನದೆ ಬಿಡುವವಳಲ್ಲ. "ಒಸಿ ತಡ್ಯಮ್ಮ" ಎಂದು ಫೋನನ್ನು ಪಕ್ಕಕ್ಕಿಟ್ಟೆ. ಆಗ ಹೊಳೆಯಿತು, ಕೊಳೆ ಕಾರ್ಡಿನಲ್ಲಿ ಮಾತ್ರವಲ್ಲ, ಅದನ್ನು ತಳ್ಳಿದ ರೆಕಾರ್ಡರಿನ ಸಂದಿಯಲ್ಲೂ ಇದೆ. ಕಾರ್ಡಿಗೆ ತೆಳ್ಳಗೆ ಸ್ಪಿರಿಟ್ ಸವರಿ ಸಂದಿಗೆ ಹಾಕಿ ತೆಗೆದೆ. ಹಳದಿ ಅಂಟಿಕೊಂಡು ಬಂತು. ಒರೆಸಿದೆ, ಮತ್ತೆ ಹಾಕಿ ತೆಗೆದೆ. ಹಳದಿ ಕಡಿಮೆಯಾಗುತ್ತ ಬಂತು. ಕೊನೆಗೆ ಒರೆಸಿದ ಹತ್ತಿ ಬಿಳಿಯಾಗಿಯೇ ಉಳಿದ ಮೇಲೆ ಸ್ಪಿರಿಟ್ ಆರಲು ಬಿಟ್ಟು, ದೇವರೇ ಎಂದುಕೊಂಡು ಹಾಕಿ ಒತ್ತಿದೆ. ಪರದೆಯ ಮೇಲೆ ಪದಗಳ ಸಾಲು ಮೂಡಿತು. ಫೋನಿನ ಹತ್ತಿರ ಹಿಡಿದು ಹಸೆಗೆ ಕರೆಯುವ ಪದ ಹಾಕಿದೆ.

ಒಂದು ಸಾಲು. ಮೌನ. ಇನ್ನೊಂದು ಸಾಲು.

ಆ ಕಡೆಯಿಂದ ದೊಡ್ಡವ್ವನ ದನಿ ಬಂತು. "ಸಾಕು ಬುಡು. ಇನ್ನು ಎಲ್ಲಿ ಬೇಕಾದ್ರೂ ಕುಯ್ಕೊಳ್ಳಿ."

ನಾನು ಅತ್ತೆ, ನಕ್ಕೆ, ಆಮೇಲೆ ಶಾಲೆಗೆ ರಜಾ ಹೇಳಿ ಮಲಗಿದೆ. ಸಂಜೆ ಆಪರೇಷನ್ ಚೆನ್ನಾಗಿ ಆಯಿತೆಂದು ಸುದ್ದಿ ಬಂತು.

ದನಿ ಬಂತು, ಆದರೆ ಕೆಳಗಿಳಿದು ಬಂತು. ಮಾತಿಗೆ ಅಡ್ಡಿಯಿರಲಿಲ್ಲ, ಬೈಗುಳಕ್ಕಂತೂ ಇರಲೇ ಇಲ್ಲ. ಮೇಲೆ ಏರುವ ಪದ ಮಾತ್ರ ಆಗುತ್ತಿರಲಿಲ್ಲ. ಮೊಮ್ಮಗಳ ಮದುವೆಯ ದಿನ ರೆಕಾರ್ಡರಿಗೆ ಸ್ಪೀಕರ್ ಜೋಡಿಸಿ ಹಸೆಯ ಪಕ್ಕ ಇಟ್ಟೆ. ವೈರನ್ನು ಮೊದಲು ಮೈಕಿನ ತೂತಿಗೆ ಚುಚ್ಚಿ, ಸದ್ದೇ ಬರದೆ ಬೆವರಿ, ಆಮೇಲೆ ಹೆಡ್‌ಫೋನಿನ ತೂತಿಗೆ ಬದಲಿಸಿದೆ. ಹೆಣ್ಣು ಬಾಗಿಲಿಗೆ ಬಂತು. ಪದ ಹಾಕಿದೆ.

ಮೊದಲ ಸಾಲು ಚಪ್ಪರದ ತುಂಬ ಕೇಳಿತು. ಆಮೇಲೆ ಮೌನ. ಹೆಂಗಸರು ಸ್ಪೀಕರನ್ನೂ ಒಬ್ಬರ ಮುಖ ಒಬ್ಬರೂ ನೋಡಿದರು. ಯಂತ್ರ ಹಾಡಿದ್ದನ್ನು ಎತ್ತಿಕೊಳ್ಳುವುದು ಹೇಗೆಂದು ಯಾರಿಗೂ ತಿಳಿಯಲಿಲ್ಲ. ಎರಡನೆಯ ಸಾಲೂ ಬಂತು, ಅದಕ್ಕೂ ಯಾರೂ ಬಾಯಿ ತೆರೆಯಲಿಲ್ಲ. ಹೆಣ್ಣು ಹೊಸ್ತಿಲಲ್ಲೇ ನಿಂತಿತ್ತು. ನಾನು ದೊಡ್ಡವ್ವನ ಕಡೆ ನೋಡಿದೆ. ಅವಳು ಎದ್ದು ಹೋದಳು, ಉಗಿದು ಬಂದಳು. ತುಟಿ ಒರೆಸಿಕೊಂಡು ಚಾಪೆಯ ಮೇಲೆ ಕೂತಳು. ಮೂರನೆಯ ಸಾಲು ಮುಗಿಯುತ್ತಿದ್ದಂತೆ ಆ ತಗ್ಗಿದ, ಒರಟು ದನಿಯಲ್ಲಿ ಎತ್ತಿಕೊಂಡಳು. ಒಬ್ಬಳೇ. ಮುಂದಿನ ಸಾಲಿಗೆ ಇಡೀ ಚಾಪೆ ಅವಳ ಜೊತೆಗಿತ್ತು. ಹೆಣ್ಣು ಅಳುತ್ತ ಬಂದು ಹಸೆಯ ಮೇಲೆ ಕೂತಿತು.

ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತು ಕೆಣಕಿದೆ. "ಎತ್ಕೊಳ್ಳೋಳಲ್ಲ ಅಂದಿದ್ದೆ?"

"ಹಾಕ್ಕೊಟ್ಟೋಳು ಚೆನ್ನಾಗ್ ಹಾಡುದ್ಲು. ಅದ್ಕೇ ಎತ್ಕೊಂಡೆ" ಅಂದಳು, ಹಪ್ಪಳ ಮುರಿಯುತ್ತ.

ಹೋದ ವರ್ಷ ಅವಳು ತೀರಿಕೊಂಡಳು. ಮಧ್ಯಾಹ್ನ ಉಂಡು, ಎಲೆಗೆ ಸುಣ್ಣ ಸವರಿಕೊಂಡು ಒರಗಿದವಳು ಹಾಗೆಯೇ. ನರಳಲಿಲ್ಲ, ಅದೊಂದು ಸಮಾಧಾನ. ಪದಗಳನ್ನು ಮೊಮ್ಮಗಳಿಗೂ ಬೀದಿಯ ಹೆಂಗಸರಿಗೂ ಕಾಪಿ ಮಾಡಿ ಕೊಟ್ಟಿದ್ದೇನೆ. ಮೊನ್ನೆ ಯಳಂದೂರಿನ ಮದುವೆಯೊಂದರಲ್ಲೂ ಹಾಕಿದರಂತೆ. ಆ ಕಾರ್ಡು ಮಾತ್ರ ನನ್ನ ಹತ್ತಿರವೇ ಇದೆ, ಎಷ್ಟು ಉಜ್ಜಿದರೂ ಅದರ ಅಂಚಿನ ಹಳದಿ ಹೋಗಲಿಲ್ಲ. ಈಗ ನಾನೂ ಉಜ್ಜುವುದಿಲ್ಲ.

ಕೆಲವು ಭಾನುವಾರ ಅಡುಗೆಮನೆಯಲ್ಲಿ ರೆಕಾರ್ಡರ್ ಹಾಕುತ್ತೇನೆ. ಅವತ್ತು ಕಣ್ಣು ಮಾಡಿ ಕರೆದರೂ ನಾನು ಬಾಯಿ ಬಿಟ್ಟಿರಲಿಲ್ಲ. ಈಗ ಬಿಡುತ್ತೇನೆ, ತಗಡಿನ ಕಂಠದಲ್ಲೇ. ದೊಡ್ಡವ್ವ ಒಂದು ಸಾಲು ಹಾಕಿಕೊಟ್ಟು ಸುಮ್ಮನಾಗುತ್ತಾಳೆ. ನಾನು ಎತ್ತಿಕೊಂಡು ಮುಗಿಸುವವರೆಗೆ ಕಾಯುತ್ತಾಳೆ.